ನಷ್ಟ ಯಾರ ಖಾತೆಗೆ? ಪ್ಲಾಸ್ಟಿಕ್ ಉದ್ಯಮ ಸಂಘಗಳ ಸಂಶೋಧನೆಯ ಒಂದು ವಿಮರ್ಶೆ

ವ್ಯಾಪಾರದ ಪ್ರಾಮಾಣಿಕತೆಯು ಲಾಭದ ಮೊತ್ತದಿಂದ ತಿಳಿಯುವಂಥದಲ್ಲ. ಆ ವ್ಯಾಪಾರಕ್ಕೆ ತಗುಲಿದ ಖರ್ಚೆಲ್ಲವೂ ಅದೇ ವ್ಯಾಪಾರದ ಕಿರ್ದಿಯಲ್ಲಿ ಬರೆಯಲ್ಪಟ್ಟಿದೆಯೇ ಎಂಬುದನ್ನು ನೋಡಿ ಅದನ್ನು ತಿಳಿಯಬೇಕು. ಅಂಗಡಿಯ ಬಾಡಿಗೆಯನ್ನು ನೆರೆಯವನು ಕೊಟ್ಟು, ಹಮಾಲಿಯನ್ನು ಮತ್ತೊಬ್ಬನು ತೆತ್ತಿದ್ದರೆ ವರ್ಷಾಂತ್ಯದ ಅಢಾವೆ ಪತ್ರಿಕೆಯಲ್ಲಿ ಕಾಣುವ ಲಾಭವು ಎಷ್ಟೇ ದೊಡ್ಡದಾಗಿರಲಿ, ಅದು ತೋರಿಕೆಯ ಲಾಭವೇ ಸರಿ. ಪ್ಲಾಸ್ಟಿಕ್ ಉದ್ಯಮವು ಕಳೆದ ಮೂರು ನಾಲ್ಕು ದಶಕಗಳಿಂದ ತನ್ನ ಸಂಘಗಳ ಮೂಲಕ ನಡೆಸಿಕೊಂಡು ಬಂದಿರುವ ಮರುಬಳಕೆಯ ಸಂಶೋಧನೆಯನ್ನೂ, ಇತ್ತೀಚಿನ ವರ್ಷಗಳಲ್ಲಿ ಅದು ಆದರದಿಂದ ಉಚ್ಚರಿಸುತ್ತಿರುವ ‘ಚಕ್ರೀಯ ಅರ್ಥವ್ಯವಸ್ಥೆ’ ಎಂಬ ಮಾತನ್ನೂ ಈ ಅಳತೆಗೋಲಿನಿಂದ ಪರೀಕ್ಷಿಸುವುದು ಇಲ್ಲಿಯ ಉದ್ದೇಶ.

ಚಕ್ರೀಯ ಅರ್ಥವ್ಯವಸ್ಥೆ ಎಂದರೆ ಸರಳವಾಗಿ ಇಷ್ಟೆ: ಭೂಮಿಯಿಂದ ತೆಗೆದ ಪದಾರ್ಥವು ಒಮ್ಮೆ ಬಳಕೆಯಾಗಿ ಕಸದ ಗುಂಡಿಯನ್ನು ಸೇರಬಾರದು, ಅದು ಮತ್ತೆ ಮತ್ತೆ ತಯಾರಿಕೆಗೆ ಮರಳಿ ಬರಬೇಕು. ಈ ತತ್ತ್ವದಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಕೊಟ್ಟಿಗೆಯ ಸಗಣಿ ಗದ್ದೆಗೆ ಹೋಗಿ, ಗದ್ದೆಯ ಹುಲ್ಲು ಕೊಟ್ಟಿಗೆಗೆ ಬರುತ್ತಿದ್ದ ನಮ್ಮ ಮಲೆನಾಡಿನ ಮನೆತನಗಳಿಗೆ ಇದು ಹೊಸ ವಿಚಾರವೂ ಅಲ್ಲ. ಆದರೆ ತತ್ತ್ವವು ಒಳ್ಳೆಯದೆಂಬ ಮಾತ್ರಕ್ಕೆ ಅದರ ಹೆಸರಿನಲ್ಲಿ ನಡೆಯುವ ಕಾರ್ಯವೆಲ್ಲ ಒಳ್ಳೆಯದಾಗುವುದಿಲ್ಲ. ಚಕ್ರವು ನಿಜವಾಗಿ ತಿರುಗುತ್ತಿದೆಯೇ, ಅಥವಾ ಅದರ ಚಿತ್ರವನ್ನು ಮಾತ್ರ ಪೊಟ್ಟಣದ ಮೇಲೆ ಅಚ್ಚು ಹಾಕಲಾಗಿದೆಯೇ ಎಂಬುದನ್ನು ನೋಡಬೇಕು.

ಗುಜರಿ ಅಂಗಡಿಯ ತೀರ್ಪು

ಚಿಕ್ಕಮಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ವಸ್ತಾರೆಯಂತಹ ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸುತ್ತಲೂ ಕಾಫಿ ತೋಟ, ನಡುನಡುವೆ ಗದ್ದೆ, ವರ್ಷದ ನಾಲ್ಕು ತಿಂಗಳು ಮಳೆ. ಒಂದು ತಲೆಮಾರಿನ ಹಿಂದೆ ಮಳೆಗಾಲದಲ್ಲಿ ಆಳುಗಳ ತಲೆಯ ಮೇಲೆ ಗೊರಬೋ ಕಂಬಳಿಕೊಪ್ಪೆಯೋ ಇರುತ್ತಿತ್ತು. ಈಗ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಇದೆ. ಕಾಫಿ ಸಸಿಯ ಮಡಿಗಳಲ್ಲಿ 23 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 150 ಗೇಜು ದಪ್ಪದ ಪಾಲಿಥೀನ್ ಚೀಲಗಳನ್ನು ಬಳಸುವುದು ರೂಢಿ. ನೆಡುವಾಗ ಚೀಲವನ್ನು ಸೀಳಿ ತೆಗೆಯಬೇಕು. ತೆಗೆದ ಚೀಲ, ಮಣ್ಣು ಮೆತ್ತಿಕೊಂಡು, ತೋಟದಲ್ಲಿಯೇ ಉಳಿಯುವುದುಂಟು. ಇದರ ಜೊತೆಗೆ ಗೊಬ್ಬರದ ಚೀಲ, ಔಷಧಿಯ ಡಬ್ಬಿ, ಹನಿ ನೀರಾವರಿಯ ಕೊಳವೆ, ಮನೆಗೆ ಬರುವ ಹಾಲಿನ ಪ್ಯಾಕೆಟ್, ಎಣ್ಣೆಯ ಪ್ಯಾಕೆಟ್, ಶಾಂಪೂ ಪೊಟ್ಟಣ, ಮಕ್ಕಳು ತಿನ್ನುವ ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣ. ಗಿರಿಧಾಮಗಳನ್ನು ನೋಡಲು ಬರುವ ಪ್ರವಾಸಿಗಳ ಬಾಟಲಿಗಳು ಬೇರೆ.

ಇವೆಲ್ಲವನ್ನೂ ‘ಪ್ಲಾಸ್ಟಿಕ್’ ಎಂಬ ಒಂದೇ ಹೆಸರಿನಿಂದ ಕರೆದರೂ ಗುಜರಿ ಅಂಗಡಿಯವನಿಗೆ ಇವು ಒಂದೇ ಅಲ್ಲ. ಗೊಬ್ಬರದ ಚೀಲವನ್ನು ಮನೆಯವರೇ ತೊಳೆದು ಕಾಳುಕಡ್ಡಿಗೆ ಬಳಸುತ್ತಾರೆ. ನೀರಿನ ಬಾಟಲಿಗೆ ಬೆಲೆಯಿದೆ. ಅದು ಚೂರಾಗಿ, ಕರಗಿ, ಪಾಲಿಯೆಸ್ಟರ್ ನೂಲಾಗುತ್ತದೆ. ಹಾಲಿನ ಪ್ಯಾಕೆಟ್ ಒಂದೇ ಜಾತಿಯ ಪಾಲಿಥೀನ್‌ನಿಂದ ಆದದ್ದರಿಂದ ತೊಳೆದು ಒಣಗಿಸಿ ಕೊಟ್ಟರೆ ಅದಕ್ಕೂ ಬೆಲೆಯಿದೆ. ಆದರೆ ಕುರುಕಲು ತಿಂಡಿಯ ಪೊಟ್ಟಣವನ್ನು ಅವನು ಮುಟ್ಟುವುದಿಲ್ಲ. ಪಾಲಿಯೆಸ್ಟರಿನ ಒಂದು ಪದರ, ಅಲ್ಯೂಮಿನಿಯಮ್ಮಿನ ಒಂದು ಲೇಪ, ಒಳಗೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನಿನ ಮತ್ತೊಂದು ಪದರ, ಹೀಗೆ ಭಿನ್ನ ಜಾತಿಯ ಪದರಗಳನ್ನು ಬೆಸೆದು ಅದನ್ನು ಮಾಡಿರುತ್ತಾರೆ. ಗಾಳಿ, ಬೆಳಕು, ತೇವಗಳಿಂದ ತಿಂಡಿಯನ್ನು ಕಾಪಾಡುವುದರಲ್ಲಿ ಈ ಬೆಸುಗೆಗೆ ಸಮಾನವಿಲ್ಲ. ಅದೇ ಬೆಸುಗೆಯಿಂದಾಗಿ ಪದರಗಳನ್ನು ಬೇರ್ಪಡಿಸಿ ಕರಗಿಸುವುದು ದುಬಾರಿಯ ಕೆಲಸವಾಗಿ, ಅದು ಯಾರಿಗೂ ಬೇಡದ ಸರಕಾಗುತ್ತದೆ. ತೂಕದಲ್ಲಿ ಹಗುರ, ಒಂದು ಕಿಲೋ ಕೂಡಿಸಲು ನೂರಾರು ಪೊಟ್ಟಣಗಳನ್ನು ಹೆಕ್ಕಬೇಕು, ಹೆಕ್ಕಿದವನಿಗೆ ಕೂಲಿಯೂ ಗಿಟ್ಟುವುದಿಲ್ಲ.

ಬೆಲೆಯಿಲ್ಲದ ಈ ಸರಕು ಎಲ್ಲಿಗೆ ಹೋಗುತ್ತದೆ? ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಅದರ ಅಂತ್ಯ ಬಚ್ಚಲೊಲೆಯಲ್ಲಿ, ಇಲ್ಲವೆ ತೋಟದ ಮೂಲೆಯ ಗುಂಡಿಯಲ್ಲಿ. ಉರಿ ಕಡಿಮೆಯಿರುವ ಒಲೆಯಲ್ಲಿ ಪ್ಲಾಸ್ಟಿಕ್ ಸುಟ್ಟಾಗ ಅರೆಬೆಂದ ವಿಷಾನಿಲಗಳೇಳುತ್ತವೆ. ಪಿವಿಸಿಯಂತಹ ಕ್ಲೋರಿನ್‌ಯುಕ್ತ ವಸ್ತುವೂ ಸೇರಿದ್ದರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಸುಡದೆ ಉಳಿದುದು ಮಳೆಗೆ ಹಳ್ಳ ಸೇರುತ್ತದೆ. ಇದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಕೂಡುತ್ತದೆ. ಕಳಸ, ಬಾಳೆಹೊನ್ನೂರುಗಳನ್ನು ಹಾದು ಹೋಗುವ ಭದ್ರೆ ಮುಂದೆ ತುಂಗಭದ್ರೆಯಾಗಿ ಕೃಷ್ಣೆಯನ್ನು ಕೂಡುತ್ತದೆ. ಎರಡು ಮಹಾನದಿಗಳಿಗೆ ನೀರುಣಿಸುವ ಬೆಟ್ಟಗಳಲ್ಲಿ ಎಸೆದ ಪೊಟ್ಟಣದ ನಷ್ಟವನ್ನು ಎಸೆದವನೊಬ್ಬನೇ ಹೊರುವುದಿಲ್ಲ. ಅದನ್ನು ತಯಾರಿಸಿದವನಂತೂ ಹೊರುವುದೇ ಇಲ್ಲ.

ಬಾಳೆಹೊನ್ನೂರಿನ ಪಾಠ

ಒಂದು ಉದ್ಯಮವು ಸಂಶೋಧನೆಯಲ್ಲಿ ಆಸಕ್ತಿ ವಹಿಸುವುದೆಂದರೆ ಹೇಗೆಂಬುದಕ್ಕೆ ಈ ಬೆಟ್ಟಗಳಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ದೂರದೃಷ್ಟಿ ಅದರ ಹಿಂದೆ ಇತ್ತು. 1944ರಲ್ಲಿ ಅದು ಕಾಫಿ ಮಂಡಳಿಯ ಆಶ್ರಯಕ್ಕೆ ಬಂದಿತು. ಇಂದು ಅದೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲೆತುಕ್ಕು ರೋಗವನ್ನು ಸಾಕಷ್ಟು ತಡೆದುಕೊಳ್ಳುವ ‘ಎಸ್.795’ ಎಂಬ ಅರೇಬಿಕಾ ತಳಿಯು ಅಲ್ಲಿಂದ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಬಿಳಿಕಾಂಡಕೊರಕದ ವಿರುದ್ಧ ಅಲ್ಲಿಯ ವಿಜ್ಞಾನಿಗಳು ನಡೆಸಿದ ಪ್ರಯತ್ನವು ದಶಕಗಳಷ್ಟು ದೀರ್ಘವಾದುದು. 1893ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಂಯುಕ್ತ ಪ್ಲಾಂಟರುಗಳ ಸಂಘ, ಆ ಬಳಿಕ ಹುಟ್ಟಿದ ಕರ್ನಾಟಕದ ಬೆಳೆಗಾರ ಸಂಘಗಳು, ಇವೆಲ್ಲ ಸಂಶೋಧನೆಯ ಮಾತೆತ್ತಿದಾಗ ಅದರಲ್ಲಿ ಕಪಟವಿರಲಿಲ್ಲ. ಏಕೆಂದರೆ ತುಕ್ಕು ಹತ್ತಿದ ಗಿಡವೂ ಕಾಂಡ ಕೊರೆದ ಗಿಡವೂ ಬೆಳೆಗಾರನದೇ ಆಗಿತ್ತು. ನಷ್ಟ ಅವನ ಖಾತೆಯಲ್ಲಿತ್ತು. ಹಾಗಾಗಿ ಪ್ರಶ್ನೆಯೂ ನೇರವಾಗಿತ್ತು: ಈ ರೋಗ ಬಾರದಂತೆ ಮಾಡುವುದು ಹೇಗೆ?

ಆದರೆ ಇದೇ ಬೆಳೆಗಾರ ಸಮುದಾಯದ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಹಣ್ಣು ಕಾಫಿಯನ್ನು ಪಲ್ಪಿಂಗ್ ಮಾಡಿದ ಹುಳಿನೀರನ್ನು ಹಳ್ಳಕ್ಕೆ ಬಿಡುವ ಅಭ್ಯಾಸ ಬಹುಕಾಲ ಇತ್ತು. ಕುಯ್ಲಿನ ಕಾಲದಲ್ಲಿಯೇ ಹಳ್ಳಗಳಲ್ಲಿ ನೀರು ಇಳಿಮುಖವಾಗಿರುವುದರಿಂದ ಕೆಳಗಿನ ಊರಿನವರಿಗೆ ಅದರ ಬಾಧೆ ಹೆಚ್ಚು. ಈ ನೀರನ್ನು ಹೊಂಡಗಳಲ್ಲಿ ತಡೆದು ಸಂಸ್ಕರಿಸುವ ಕ್ರಮವು ತೋಟಗಳಲ್ಲಿ ಬೇರೂರಿದ್ದು ಮಾಲಿನ್ಯ ನಿಯಂತ್ರಣದ ಕಾನೂನು ಬೆನ್ನ ಹಿಂದೆ ನಿಂತ ಮೇಲೆಯೇ. ತುಕ್ಕು ರೋಗಕ್ಕೆ ತಾನಾಗಿ ಓಡಿದ ಕಾಲು ಹುಳಿನೀರಿಗೆ ತಾನಾಗಿ ಓಡಲಿಲ್ಲ. ಜನ ಅವರೇ, ಬುದ್ಧಿಯೂ ಅದೇ. ವ್ಯತ್ಯಾಸವಿದ್ದದ್ದು ನಷ್ಟ ಯಾರದೆಂಬುದರಲ್ಲಿ. ಇದರಿಂದ ಹೊರಡುವ ಪಾಠವು ಪ್ಲಾಸ್ಟಿಕ್ ಉದ್ಯಮವನ್ನು ವಿಮರ್ಶಿಸುವಾಗ ಕೈದೀಪವಾಗುತ್ತದೆ. ಸ್ವಂತ ನಷ್ಟಕ್ಕೆ ಹುಟ್ಟುವ ಸಂಶೋಧನೆ ರೋಗದ ಬೇರನ್ನು ಹುಡುಕುತ್ತದೆ. ಪರರ ನಷ್ಟಕ್ಕೆ, ಅದೂ ಟೀಕೆಯ ಭಯದಿಂದ ಹುಟ್ಟುವ ಸಂಶೋಧನೆ ಸಮಾಧಾನವನ್ನು ಹುಡುಕುತ್ತದೆ.

ತ್ರಿಕೋನದ ಕಥೆ

ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ಮೂರು ಬಾಣಗಳ ತ್ರಿಕೋನವೂ ಅದರೊಳಗೆ 1ರಿಂದ 7ರವರೆಗಿನ ಒಂದು ಅಂಕಿಯೂ ಇರುವುದನ್ನು ಎಲ್ಲರೂ ಕಂಡಿದ್ದಾರೆ. ಇದು ಯಾವುದೇ ಸರ್ಕಾರದ ಮುದ್ರೆಯಲ್ಲ. 1937ರಲ್ಲಿ ಸ್ಥಾಪಿತವಾದ ಅಮೆರಿಕದ ಪ್ಲಾಸ್ಟಿಕ್ ಉದ್ಯಮಿಗಳ ಸಂಘವು 1988ರಲ್ಲಿ ಇದನ್ನು ಜಾರಿಗೆ ತಂದಿತು. ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸಲು ವಿಂಗಡಣೆಗಾರರಿಗೆ ನೆರವಾಗುವುದು ಅದರ ಘೋಷಿತ ಉದ್ದೇಶ. ಆ ಮಟ್ಟಿಗೆ ಅದು ಉಪಯುಕ್ತವೇ ಹೌದು. ಆದರೆ ಒಂದನ್ನೊಂದು ಬೆನ್ನಟ್ಟುವ ಬಾಣಗಳು ಜನಸಾಮಾನ್ಯರ ಕಣ್ಣಿಗೆ ಹೇಳಿದ್ದು ಬೇರೆ. ‘ಇದು ಮರಳಿ ಬಳಕೆಯಾಗುತ್ತದೆ’ ಎಂದು ಅವರು ಓದಿಕೊಂಡರು. ಮರುಬಳಕೆಯ ಮಾರುಕಟ್ಟೆಯೇ ಇಲ್ಲದ ವಸ್ತುವಿನ ಮೇಲೂ ಅದೇ ಬಾಣಗಳಿದ್ದವು. ಏಳನೆಯ ಅಂಕಿಯ ಅರ್ಥವಂತೂ ‘ಇತರೆ’ ಎಂದು. ಬೆರಕೆಯ ಸರಕೆಲ್ಲ ಅದರಲ್ಲಿ ಅಡಗಿತು. ಈ ಭ್ರಮೆಯನ್ನು ತೊಡೆಯಲು ಬಾಣಗಳ ಬದಲು ಬರಿಯ ತ್ರಿಕೋನವಿರಲೆಂದು ಅಮೆರಿಕದ ಮಾನಕ ಸಂಸ್ಥೆಯು ನಿಯಮವನ್ನು ತಿದ್ದಿದ್ದು 2013ರಲ್ಲಿ, ಅಂದರೆ ಕಾಲು ಶತಮಾನ ಕಳೆದ ಮೇಲೆ.

ಅಷ್ಟು ಕಾಲದಲ್ಲಿ ಚಕ್ರವು ಎಷ್ಟು ತಿರುಗಿತು? ಗೇಯರ್, ಜಾಮ್‌ಬೆಕ್ ಮತ್ತು ಲಾ ಎಂಬ ಮೂವರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2015ರವರೆಗೆ ಜಗತ್ತು ತಯಾರಿಸಿದ ಒಟ್ಟು ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಈ ಕಸದಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ, ಶೇ. 12 ಸುಡಲ್ಪಟ್ಟಿತು, ಉಳಿದ ಶೇ. 79 ಗುಂಡಿಗಳಲ್ಲಿಯೋ ಬಯಲಿನಲ್ಲಿಯೋ ಬಿದ್ದಿತು. ಮರುಬಳಕೆಯಾದ ಆ ಅಲ್ಪಭಾಗದಲ್ಲಿಯೂ ಎರಡನೆಯ ಸಲ ಮರುಬಳಕೆಯಾದದ್ದು ಹತ್ತರಲ್ಲಿ ಒಂದು ಪಾಲು. ಒಂದು ಸುತ್ತನ್ನೂ ಪೂರೈಸದ ಗಾಲಿಯನ್ನು ಚಕ್ರವೆಂದು ಕರೆಯುವುದು ಕಷ್ಟ. ಉದ್ಯಮಕ್ಕೆ ಈ ಸ್ಥಿತಿ ತಿಳಿದಿದ್ದೂ ಜನರಿಗೆ ಬೇರೆ ಚಿತ್ರವನ್ನು ಕೊಡಲಾಯಿತೆಂದು ಆಪಾದಿಸಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2024ರ ಸೆಪ್ಟೆಂಬರಿನಲ್ಲಿ ಎಕ್ಸಾನ್‌ಮೊಬಿಲ್ ಸಂಸ್ಥೆಯ ಮೇಲೆ ದಾವೆ ಹೂಡಿತು. ಕಂಪನಿಯು ಆಪಾದನೆಯನ್ನು ನಿರಾಕರಿಸಿದೆ. ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಧರಿಸಲಿ. ಮೇಲಿನ ಅಂಕಿಗಳಂತೂ ತಮ್ಮ ಮಾತನ್ನು ಆಡಿಯೇ ಇವೆ.

ನಮ್ಮ ನಾಡಿನ ಪ್ರಯತ್ನಗಳು

ಭಾರತದಲ್ಲಿ ಪ್ಲಾಸ್ಟಿಕ್ ತಯಾರಕರ ಸಂಘಟನೆ ಹೊಸದಲ್ಲ. ಅಖಿಲ ಭಾರತ ಪ್ಲಾಸ್ಟಿಕ್ ತಯಾರಕರ ಸಂಘವು 1945ರಷ್ಟು ಹಳೆಯದು. 1999ರಲ್ಲಿ ಉದ್ಯಮದ ಬೆಂಬಲದಿಂದ ‘ಇಂಡಿಯನ್ ಸೆಂಟರ್ ಫಾರ್ ಪ್ಲಾಸ್ಟಿಕ್ಸ್ ಇನ್ ದಿ ಎನ್ವಿರಾನ್‌ಮೆಂಟ್’ ಎಂಬ ಸಂಸ್ಥೆ ರೂಪುಗೊಂಡಿತು. ಪ್ಲಾಸ್ಟಿಕ್ ತ್ಯಾಜ್ಯದ ಬಗ್ಗೆ ಅಧ್ಯಯನ, ಪ್ರಚಾರ, ಪ್ರಾತ್ಯಕ್ಷಿಕೆಗಳು ಅದರ ಕಾರ್ಯ. ಅದರ ಗಮನಾರ್ಹ ಕೆಲಸಗಳಲ್ಲಿ ಒಂದೆಂದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಗೂ ಎಸಿಸಿ ಸಿಮೆಂಟ್ ಕಂಪನಿಯೊಡನೆ ಸೇರಿ ಮಧ್ಯಪ್ರದೇಶದ ಕೈಮೋರಿನ ಸಿಮೆಂಟ್ ಗೂಡಿನಲ್ಲಿ ಬೆರಕೆ ಪ್ಲಾಸ್ಟಿಕ್ಕನ್ನು ಕಲ್ಲಿದ್ದಲಿನೊಡನೆ ಉರಿಸಿ ನಡೆಸಿದ ಪ್ರಯೋಗ. ಸಿಮೆಂಟ್ ಗೂಡಿನ ತಾಪವು 1400 ಡಿಗ್ರಿಗೂ ಮಿಕ್ಕಿರುವುದರಿಂದ ಬಚ್ಚಲೊಲೆಯಲ್ಲಿ ಹುಟ್ಟುವ ವಿಷ ಅಲ್ಲಿ ಬಹುಮಟ್ಟಿಗೆ ನಾಶವಾಗುತ್ತದೆ. ಗುಂಡಿಗೆ ಎಸೆಯುವುದಕ್ಕಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ.

ಕರ್ನಾಟಕದ್ದೇ ಆದ ಇನ್ನೊಂದು ನಿದರ್ಶನ ಹೆಚ್ಚು ಗೌರವಕ್ಕೆ ಪಾತ್ರವಾದುದು. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು, ತಾವು ಮಾರಿದ ಚೀಲಗಳು ಕೊನೆಗೆ ಏನಾಗುತ್ತವೆಂಬ ಪ್ರಶ್ನೆಯನ್ನು ಎದುರಿಸಿ, ಅವುಗಳನ್ನು ಚೂರುಮಾಡಿ ಡಾಂಬರಿನೊಡನೆ ಬೆರೆಸುವ ಕ್ರಮವನ್ನು ರೂಪಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜಸ್ಟೊ ಮತ್ತು ವೀರರಾಘವನ್ ಅದರ ಗುಣವನ್ನು ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಅದೇ ಸುಮಾರಿನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಅದರ ಬಳಕೆ ಮೊದಲಾಯಿತು. ಮಧುರೈಯ ತ್ಯಾಗರಾಜರ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಬೇರೊಂದು ಕ್ರಮದಿಂದ, ಕಾದ ಜಲ್ಲಿಗೆ ಪ್ಲಾಸ್ಟಿಕ್ಕನ್ನು ಲೇಪಿಸುವ ಮೂಲಕ, ಇದೇ ಗುರಿಯನ್ನು ಸಾಧಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಈ ಬಗೆಯ ರಸ್ತೆಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಒಂಟಿ ಪಥದ ಒಂದು ಕಿಲೋಮೀಟರ್ ರಸ್ತೆಗೆ ಸುಮಾರು ಒಂದು ಟನ್ ಪ್ಲಾಸ್ಟಿಕ್ ಹಿಡಿಯುತ್ತದೆ. ನೀರು ಡಾಂಬರನ್ನು ಜಲ್ಲಿಯಿಂದ ಕಿತ್ತುಹಾಕುವುದನ್ನು ಈ ಮಿಶ್ರಣ ತಡೆಯುತ್ತದೆಂದು ಪರೀಕ್ಷೆಗಳು ತೋರಿಸಿವೆ. ಪ್ರತಿ ಮಳೆಗಾಲದ ನಂತರ ರಸ್ತೆ ಕಳೆದುಕೊಳ್ಳುವ ಮಲೆನಾಡಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಖಾನ್ ಸಹೋದರರ ಪ್ರಯತ್ನವು ತಯಾರಕನೊಬ್ಬ ತನ್ನ ಸರಕಿನ ಅಂತ್ಯವನ್ನು ತನ್ನದೇ ಚಿಂತೆಯಾಗಿ ಭಾವಿಸಿದುದರ ಫಲ. ಪರೀಕ್ಷೆ ನಡೆಸಿದ್ದು ಸ್ವತಂತ್ರವಾದ ವಿಶ್ವವಿದ್ಯಾಲಯ. ಉದ್ಯಮದ ಸಂಶೋಧನೆಗೆ ಇರಬೇಕಾದ ಎರಡೂ ಲಕ್ಷಣಗಳು ಇಲ್ಲಿ ಕೂಡಿವೆ. ಹಾಗಿದ್ದರೂ ಗೂಡು ಮತ್ತು ರಸ್ತೆ ಎರಡೂ ಚಕ್ರಗಳಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಗೂಡಿನಲ್ಲಿ ಉರಿದ ಪೊಟ್ಟಣ ಮತ್ತೆ ಪೊಟ್ಟಣವಾಗದು. ರಸ್ತೆಯಲ್ಲಿ ಸೇರಿದ ಚೀಲ ಮತ್ತೆ ಚೀಲವಾಗದು. ನಾಳೆಯ ಪೊಟ್ಟಣಕ್ಕೆ ಹೊಸ ಕಚ್ಚಾ ಎಣ್ಣೆಯೇ ಬೇಕು. ಇವು ಕಸಕ್ಕೆ ತೋರಿಸಿದ ಸದ್ಗತಿಗಳು. ಕಸ ಹುಟ್ಟುವುದನ್ನು ಇವು ಕಡಿಮೆ ಮಾಡುವುದಿಲ್ಲ.

ಮೂರು ಮಾತುಗಳ ತಿದ್ದುಪಡಿ

ಸದ್ಗತಿಯನ್ನು ಪರಿಹಾರವೆಂದು ತಿಳಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ನಿಯಮಾವಳಿಯಲ್ಲಿಯೇ ಸಾಕ್ಷಿಯಿದೆ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ, ಬ್ಯಾನರ್ ಮುಂತಾದವನ್ನು ನಿಷೇಧಿಸಿತು. ಆದರೆ ಕಾರ್ಖಾನೆಯಲ್ಲಿಯೇ ಸರಕು ತುಂಬಿ ಮುಚ್ಚಿದ ಪೊಟ್ಟಣಕ್ಕೆ ಆ ನಿಷೇಧ ತಗುಲಲಿಲ್ಲ. ಬೇಳೆ ಕಟ್ಟಿಕೊಡುವ ಹಳ್ಳಿಯ ಅಂಗಡಿಯವನು ದಂಡಕ್ಕೆ ಹೆದರಿದನು. ಅವನ ಅಂಗಡಿಯಲ್ಲಿ ತೂಗುಬಿಟ್ಟ ಹೊಳೆಯುವ ಪೊಟ್ಟಣಗಳ ಸಾಲಿಗೆ ಯಾವ ಭಯವೂ ಇರಲಿಲ್ಲ.

ಅದಾದ ಒಂದು ವಾರಕ್ಕೆ, ಮಾರ್ಚ್ 18ರಂದು, ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊರಬಿದ್ದವು. ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕಿನ ತಯಾರಿಕೆ ಮತ್ತು ಬಳಕೆಯನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದು ಆ ನಿಯಮ ವಿಧಿಸಿತ್ತು. ರೋಗದ ಬೇರಿಗೆ ಕೈಯಿಟ್ಟ ನಿಯಮವೆಂದರೆ ಇದೇ. ಆದರೆ ಎರಡು ವರ್ಷಗಳ ಗಡುವು ಮುಗಿದಾಗ, 2018ರ ಮಾರ್ಚ್ 27ರಂದು, ಅದಕ್ಕೆ ತಿದ್ದುಪಡಿ ಬಂದಿತು. ಮರುಬಳಕೆಯಾಗದ, ಅಥವಾ ಶಕ್ತಿಯನ್ನು ಪಡೆಯಲಾಗದ, ಅಥವಾ ಬೇರಾವ ಉಪಯೋಗವೂ ಇಲ್ಲದ ಬಹುಪದರ ಪ್ಲಾಸ್ಟಿಕ್ಕನ್ನು ನಿಲ್ಲಿಸಬೇಕೆಂದು ಅದು ಹೊಸ ರೂಪ ಪಡೆಯಿತು. ಸುಡಲು ಬರದ ಪ್ಲಾಸ್ಟಿಕ್ ಯಾವುದಿದೆ? ಸಿಮೆಂಟ್ ಗೂಡು ಅದನ್ನು ಉರಿಸಬಲ್ಲುದು. ರಸ್ತೆ ಅದನ್ನು ನುಂಗಬಲ್ಲುದು. ಹೀಗೆ, ಹಳ್ಳಿಯ ಗುಜರಿಯವನು ಒಲ್ಲೆನೆಂದ ಪೊಟ್ಟಣವನ್ನು ನಿಯಮವು ಉಪಯುಕ್ತ ಪದಾರ್ಥವೆಂದು ಒಪ್ಪಿಕೊಂಡಂತಾಯಿತು. ಗೂಡಿನಲ್ಲಿ ಉರಿಸಬಹುದೆಂಬುದು ಸತ್ಯ. ವಸ್ತಾರೆಯ ಪೊಟ್ಟಣ ಗೂಡಿನವರೆಗೆ ಹೋಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಉಪಯೋಗ ಸಾಧ್ಯವೆಂದು ಪ್ರಯೋಗಾಲಯದಲ್ಲಿ ತೋರಿಸಿದ್ದು ತಯಾರಿಕೆಯನ್ನು ಮುಂದುವರಿಸಲು ಪರವಾನಗಿಯಾಗಿ ಪರಿಣಮಿಸಿತು. ಸಂಶೋಧಕರ ಉದ್ದೇಶ ಇದಾಗಿತ್ತೆಂದು ಯಾರೂ ಹೇಳಲಾರರು. ಆದರೆ ಕಸದ ಉಪಯೋಗವನ್ನು ಮಾತ್ರ ಹುಡುಕುವ ಸಂಶೋಧನೆಯ ಫಲ ಕೊನೆಗೆ ಯಾರ ಖಾತೆಗೆ ಜಮಾ ಆಗುತ್ತದೆಂಬುದನ್ನು ಈ ತಿದ್ದುಪಡಿ ತೋರಿಸಿಕೊಟ್ಟಿದೆ.

ಹೊಸ ಖಾತೆ, ಹಳೆಯ ದೋಷ

2022ರ ಫೆಬ್ರವರಿ 16ರಂದು ಬಂದ ಮಾರ್ಗಸೂಚಿಯು ಈ ಲೆಕ್ಕವನ್ನು ಸರಿಪಡಿಸುವ ಗಂಭೀರ ಪ್ರಯತ್ನ. ‘ವಿಸ್ತೃತ ಉತ್ಪಾದಕ ಹೊಣೆಗಾರಿಕೆ’ ಎಂಬ ಹೆಸರಿನಿಂದ ಅದು ಕಸದ ಖರ್ಚನ್ನು ತಯಾರಕ, ಆಮದುದಾರ ಮತ್ತು ಬ್ರಾಂಡಿನ ಒಡೆಯನ ಖಾತೆಗೆ ಬರೆಯಿತು. 2021-22ರಲ್ಲಿ ಶೇ. 25, ಮರುವರ್ಷ ಶೇ. 70, 2023-24ರಿಂದ ಶೇ. 100ರಷ್ಟು ಹೊಣೆ ಅವರದು. ಬೆರಕೆ ಪದರಗಳ ಪೊಟ್ಟಣಗಳಲ್ಲಿ 2024-25ರಲ್ಲಿ ಶೇ. 30ರಷ್ಟು, 2027-28ರ ಹೊತ್ತಿಗೆ ಶೇ. 60ರಷ್ಟು ನಿಜವಾಗಿ ಮರುಬಳಕೆಯಾಗಬೇಕು. ಉಳಿದುದಕ್ಕೆ ಮಾತ್ರ ರಸ್ತೆ, ಗೂಡು ಮುಂತಾದ ದಾರಿ. ಉದ್ಯಮ ಸಂಘಗಳ ಧ್ವನಿಯಲ್ಲಿ ಚಕ್ರೀಯ ಅರ್ಥವ್ಯವಸ್ಥೆಯ ಮಾತು ಬಲಗೊಂಡದ್ದೂ ಇದೇ ಕಾಲದಲ್ಲಿ. 2021ರ ಸೆಪ್ಟೆಂಬರಿನಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟವು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೊಡನೆ ಕೂಡಿ ‘ಇಂಡಿಯಾ ಪ್ಲಾಸ್ಟಿಕ್ಸ್ ಪ್ಯಾಕ್ಟ್’ ಎಂಬ ಒಡಂಬಡಿಕೆಯನ್ನು ಆರಂಭಿಸಿತು. ಅನಗತ್ಯವಾದ ಹಾಗೂ ತೊಂದರೆ ಕೊಡುವ ಪೊಟ್ಟಣಗಳ ಪಟ್ಟಿ ಮಾಡಿ ಅವುಗಳ ರಚನೆಯನ್ನೇ ಬದಲಿಸುವುದು ಅದರ ಗುರಿಗಳಲ್ಲೊಂದು. ‘ಇದನ್ನು ಮಾಡಲೇಬೇಕೆ?’ ಎಂಬ ಪ್ರಶ್ನೆಯನ್ನು ಉದ್ಯಮವು ತಾನೇ ಕೇಳಿಕೊಂಡದ್ದಕ್ಕಾಗಿ ಅದನ್ನು ಮೆಚ್ಚಬೇಕು. ಆದರೆ ಅದು ಸ್ವಯಂಪ್ರೇರಿತವಾದುದು. ಸೇರದವರನ್ನು ಅದು ಕಟ್ಟಿಹಾಕಲಾರದು.

ಹೊಣೆಯನ್ನು ತೀರಿಸಿದ್ದಕ್ಕೆ ಪ್ರಮಾಣಪತ್ರವೇ ಸಾಕ್ಷಿ. ಮರುಬಳಕೆಗಾರನು ಪ್ರಮಾಣಪತ್ರ ಕೊಡುತ್ತಾನೆ; ತಯಾರಕನು ಅದನ್ನು ಕೊಳ್ಳುತ್ತಾನೆ. ಹೀಗೆ ಕಸವನ್ನು ಹೆಕ್ಕುವುದಕ್ಕಿಂತ ಕಾಗದವನ್ನು ಹೆಕ್ಕುವುದು ಸುಲಭವಾಯಿತು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ನಡೆಸಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವೇ ಮರುಬಳಕೆ ಘಟಕಗಳಿಂದ ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರಗಳು ಹೊರಬಂದಿರುವುದು ಬೆಳಕಿಗೆ ಬಂದಿತು. ಘಟಕದ ಸಾಮರ್ಥ್ಯವನ್ನು ಮೀರಿ ಪತ್ರಗಳು ಹುಟ್ಟಿದ್ದವು.

ಶ್ರಾವಕಾಚಾರವನ್ನು ಓದಿದವರಿಗೆ ಈ ದೋಷದ ಹೆಸರು ಹೊಸದಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡಿವೆ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಮೊದಲನೆಯದು. ಅಸಲಿಗೆ ಬದಲಾಗಿ ನಕಲನ್ನು ನಡೆಸುವುದು ಎರಡನೆಯದು. ತುಪ್ಪಕ್ಕೆ ಕೊಬ್ಬು ಬೆರೆಸುವುದನ್ನು ಎಣಿಸಿ ಹೇಳಿದ ಮಾತು ಕಸಕ್ಕೆ ಬದಲಾಗಿ ಕಾಗದವನ್ನು ತೋರಿಸುವುದಕ್ಕೂ ಅನ್ವಯಿಸುತ್ತದೆ. ಪ್ರಯೋಜನವಿಲ್ಲದೆ ಜೀವಕ್ಕೆ ಬಾಧೆ ತರುವುದನ್ನು ಅನರ್ಥದಂಡವೆಂದು ಕರೆದು, ಅದರಿಂದ ವಿರಮಿಸುವುದನ್ನು ಗೃಹಸ್ಥನಿಗೆ ಗುಣವ್ರತವಾಗಿ ವಿಧಿಸಲಾಗಿದೆ. ಹತ್ತು ನಿಮಿಷದಲ್ಲಿ ಮುಗಿಯುವ ತಿಂಡಿಗೆ ಶತಮಾನಗಳವರೆಗೆ ಉಳಿಯುವ ಕವಚ ತೊಡಿಸುವುದರಲ್ಲಿ ಅರ್ಥವೆಷ್ಟು, ಅನರ್ಥವೆಷ್ಟು ಎಂದು ತೂಗಿ ನೋಡುವ ಹೊಣೆ ತಯಾರಿಸುವವನಿಗೂ ಮಾರುವವನಿಗೂ ಕೊಳ್ಳುವವನಿಗೂ ಇದೆ. ಮುನಿಗಳಿಗಂತೂ ಉತ್ಸರ್ಗ ಸಮಿತಿಯೆಂಬ ನಿಯಮವೇ ಇದೆ: ತ್ಯಜಿಸುವ ವಸ್ತುವನ್ನು ಎಲ್ಲಿ ಇಡುತ್ತೇವೆ, ಅಲ್ಲಿ ಯಾವ ಜೀವಕ್ಕೆ ಬಾಧೆಯಾದೀತು ಎಂದು ನೋಡಿ ಇಡಬೇಕು. ಕೈಬಿಟ್ಟ ಮಾತ್ರಕ್ಕೆ ವಸ್ತುವಿನ ಹೊಣೆ ತೀರುವುದಿಲ್ಲವೆಂಬ ಈ ವಿವೇಕವನ್ನೇ ಇಂದಿನ ಕಾನೂನು ‘ಉತ್ಪಾದಕ ಹೊಣೆಗಾರಿಕೆ’ ಎಂದು ಕರೆಯುತ್ತಿದೆ.

ಸಂಘಗಳಿಂದ ನಿರೀಕ್ಷಿಸಬೇಕಾದುದು

ಉದ್ಯಮ ಸಂಘಗಳು ಅನಗತ್ಯವೆಂದು ಹೇಳುವುದು ಈ ವಿಮರ್ಶೆಯ ತಾತ್ಪರ್ಯವಲ್ಲ. ಬಿಡಿ ತಯಾರಕನಿಂದಾಗದ ಕಾರ್ಯ ಸಂಘದಿಂದ ಆಗುತ್ತದೆ. ಒಬ್ಬನೇ ತನ್ನ ಪೊಟ್ಟಣವನ್ನು ಏಕಜಾತಿಯ ಪ್ಲಾಸ್ಟಿಕ್ಕಿಗೆ ಬದಲಿಸಿದರೆ ಅವನ ಖರ್ಚು ಹೆಚ್ಚಿ ಪೈಪೋಟಿಯಲ್ಲಿ ಸೋಲಬಹುದು. ಎಲ್ಲರೂ ಕೂಡಿ ಬದಲಿಸಿದರೆ ಯಾರಿಗೂ ಸೋಲಿಲ್ಲ. ಸಂಘದ ನಿಜವಾದ ಶಕ್ತಿ ಇರುವುದು ಇಲ್ಲಿ. ಹಾಲಿನ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆಯಿದೆ, ತಿಂಡಿಯ ಪೊಟ್ಟಣಕ್ಕೆ ಇಲ್ಲ ಎಂಬ ವ್ಯತ್ಯಾಸವೇ ಸಂಶೋಧನೆಗೆ ದಿಕ್ಕನ್ನು ತೋರಿಸುತ್ತಿದೆ. ತಿಂಡಿಯ ಗರಿಗರಿಯನ್ನು ಉಳಿಸಿಯೂ ಒಂದೇ ಜಾತಿಯ ಪದರಗಳಿಂದ ಪೊಟ್ಟಣವನ್ನು ಮಾಡುವ ತಂತ್ರ ಈಗಾಗಲೇ ರೂಪುಗೊಳ್ಳುತ್ತಿದೆ. ಅದನ್ನು ಅಗ್ಗವಾಗಿಸುವುದಕ್ಕೆ ಸಂಘಗಳು ಹಣ ಹಾಕಲಿ. ಆ ಸಂಶೋಧನೆ ಉದ್ಯಮದ ಕಚೇರಿಯಲ್ಲಿ ನಡೆಯದೆ, 1968ರಲ್ಲಿ ಮದ್ರಾಸಿನಲ್ಲಿ ಆರಂಭವಾಗಿ ಮೈಸೂರಿನಲ್ಲಿಯೂ ಕೇಂದ್ರವನ್ನು ಹೊಂದಿರುವ ಸಿಪೆಟ್‌ನಂತಹ ಸಾರ್ವಜನಿಕ ಸಂಸ್ಥೆಯಲ್ಲಿಯೋ ವಿಶ್ವವಿದ್ಯಾಲಯದಲ್ಲಿಯೋ ನಡೆಯಲಿ. ಗೆದ್ದ ಪ್ರಯೋಗದ ಜೊತೆಗೆ ಸೋತ ಪ್ರಯೋಗದ ಫಲವೂ ಪ್ರಕಟವಾಗಲಿ.

ಎರಡನೆಯದಾಗಿ, ಸಂಘವು ತನ್ನ ಸದಸ್ಯರು ವರ್ಷಕ್ಕೆ ಎಷ್ಟು ಟನ್ ಬೆರಕೆ ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟರು, ಅದರಲ್ಲಿ ಎಷ್ಟು ಮರಳಿ ಬಂದಿತು ಎಂಬುದನ್ನು ಎದುರುಬದುರು ಬರೆದು ಪ್ರಕಟಿಸಬೇಕು. ಜಮಾ ಪುಟವನ್ನು ಮಾತ್ರ ತೋರಿಸುವ ಲೆಕ್ಕವನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪುವುದಿಲ್ಲ. ಮೂರನೆಯದಾಗಿ, ಸಂಗ್ರಹಣೆಯ ಲೆಕ್ಕವನ್ನು ನಗರಗಳಲ್ಲಿಯೇ ತುಂಬಿಸಿ ಮುಗಿಸುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಒಂದು ಟನ್ ಹೆಕ್ಕುವುದು ಸುಲಭ, ಅಗ್ಗ. ಆಲ್ದೂರು, ವಸ್ತಾರೆ, ಕಳಸಗಳ ಕಡೆಯ ಚದುರಿದ ಮನೆಗಳಿಂದ ಅಷ್ಟನ್ನೇ ಹೆಕ್ಕುವುದು ದುಬಾರಿ. ಪ್ರಮಾಣಪತ್ರಕ್ಕೆ ಎರಡೂ ಟನ್ ಒಂದೇ ಆದ್ದರಿಂದ ಬೆಟ್ಟದ ಕಸ ಬೆಟ್ಟದಲ್ಲಿಯೇ ಉಳಿಯುತ್ತದೆ. ಪೊಟ್ಟಣವನ್ನು ಬೆಟ್ಟದ ತುದಿಯ ಅಂಗಡಿಗೆ ಮುಟ್ಟಿಸುವ ವ್ಯಾನು ಖಾಲಿಯಾಗಿ ಮರಳುತ್ತದೆ. ಮಾರಾಟಕ್ಕೆ ದಾರಿ ಕಂಡ ಉದ್ಯಮಕ್ಕೆ ಮರಳಿ ತರುವುದಕ್ಕೆ ದಾರಿ ಕಾಣದೆಂಬುದನ್ನು ನಂಬುವುದು ಕಷ್ಟ.

ಜಾಗತಿಕ ಮಟ್ಟದಲ್ಲಿ ತಯಾರಿಕೆಗೇ ಮಿತಿ ಹಾಕುವ ಮಾತು ನಡೆದಿದೆ. ಅದರ ಬಗ್ಗೆ ಒಮ್ಮತ ಮೂಡದೆ 2024ರಲ್ಲಿ ಬುಸಾನಿನಲ್ಲಿಯೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿಯೂ ವಿಶ್ವಸಂಸ್ಥೆಯ ಮಾತುಕತೆ ಒಪ್ಪಂದವಿಲ್ಲದೆ ಮುಗಿಯಿತು. ಅಲ್ಲಿಯ ತೀರ್ಮಾನಕ್ಕಾಗಿ ಕಾಯದೆ, ಪ್ರತಿಯೊಂದು ಸಂಘವೂ ತನ್ನ ಸಂಶೋಧನೆಯ ವಿಷಯಪಟ್ಟಿಯನ್ನು ಒಮ್ಮೆ ತೆರೆದು ನೋಡಿಕೊಳ್ಳಬಹುದು. ಅದರಲ್ಲಿ ಕಸದ ಉಪಯೋಗವನ್ನು ಕುರಿತ ವಿಷಯಗಳೆಷ್ಟು, ಕಸವೇ ಹುಟ್ಟದಂತೆ ಮಾಡುವ ವಿಷಯಗಳೆಷ್ಟು ಎಂದು ಎಣಿಸಿದರೆ ತನ್ನ ನಿಲುವು ಎಲ್ಲಿದೆಯೆಂದು ಅದಕ್ಕೇ ತಿಳಿಯುತ್ತದೆ. ಎಲೆತುಕ್ಕನ್ನು ಬೆಳೆಗಾರನು ತನ್ನ ನಷ್ಟವೆಂದು ಬಗೆದಂತೆ, ಬಚ್ಚಲೊಲೆಯ ಹೊಗೆಯನ್ನೂ ಹಳ್ಳದ ಪೊಟ್ಟಣವನ್ನೂ ತಯಾರಕನು ತನ್ನ ನಷ್ಟವೆಂದು ಬಗೆದು ಖಾತೆಯಲ್ಲಿ ಬರೆದುಕೊಂಡ ದಿನ ಸಂಶೋಧನೆಗೆ ಸರಿಯಾದ ಪ್ರಶ್ನೆ ತಾನಾಗಿ ಸಿಗುತ್ತದೆ. ಆ ದಿನದವರೆಗೆ ಕಾನೂನಿನ ಕಾವಲೂ ಕೊಳ್ಳುವವರ ವಿವೇಕವೂ ಎರಡೂ ಎಚ್ಚರವಾಗಿರತಕ್ಕದ್ದು.